ಗೆಣಸಿನ ತಲೆ

ಪೈಪಿನ ನೀರು ಹೆಬ್ಬೆರಳಿಗೆ ತಾಗಿ ಕಾಲೆಲ್ಲ ತಣ್ಣಗಾಯಿತು, ಬಿಸಿಲು ಏರುವ ಮುಂಚೆ ಹುಲ್ಲಿಗೆ ನೀರು ಬಿಟ್ಟಾಗಬೇಕು, ಎಷ್ಟು ಕುಡಿದರೂ ಇದಕ್ಕೆ ದಾಹ ತೀರದು, ಹೂವಿಲ್ಲ, ಕಾಯಿಲ್ಲ, ದನಕ್ಕೆ ಹಾಕುವ ಹಾಗೂ ಇಲ್ಲ, ಆಫೀಸಿನ ಮುಂದೆ ಸುಮ್ಮನೆ ಹಸಿರಾಗಿ ಬಿದ್ದಿರುವುದೇ ಕೆಲಸ, ಇಂಥ ನೌಕರಿ ನನಗೂ ಸಿಕ್ಕಿದ್ದರೆ — ಅಗೋ, ಬೋರ್ಡಿನ ಕಂಬಕ್ಕೆ ಸುತ್ತಿಕೊಂಡು ಬಳ್ಳಿ ಇನ್ನೂ ಮೇಲೆ ಹೋಗಿದೆ, ಕಂಪನಿಯ ಹೆಸರಿನ ಮೊದಲ ಅಕ್ಷರದ ಮೇಲೆ ಒಂದು ಎಲೆ ಒರಗಿಸಿದೆ, ನಗು ಬರುತ್ತಿದೆ, ನಗಬಾರದು, ಸೂಪರ್‌ವೈಸರ್ ಮೆಟ್ಟಿಲ ಮೇಲಿಂದ ನೋಡುತ್ತಿದ್ದಾರೆ. ನೋಡಮ್ಮಾ, ದೊಡ್ಡ ಸಾಹೇಬ್ರು ಬರೋದ್ರೊಳಗೆ ಆ ಬಳ್ಳಿ ಬೇರು ಸಮೇತ ಹೋಗಿರಬೇಕು, ಮತ್ತೆ ಚಿಗುರಿದ್ರೆ ನಿನ್ನನ್ನ ಕೆಲಸದಲ್ಲಿ ಉಳಿಸ್ಕೊಳ್ಳೋಕೆ ನನ್ನ ಕೈಲಾಗಲ್ಲ. ಕೆಟ್ಟವರಲ್ಲ ಅವರು, ಅವ್ವನನ್ನು ಜೊತೆಗೆ ಕರೆತರಲು ಬಿಟ್ಟವರೂ ಅವರೇ, ಅವಳನ್ನು ಒಬ್ಬಳನ್ನೇ ಬಿಟ್ಟು ಬಂದರೆ ಅಕ್ಕಪಕ್ಕದವರ ಬಾಗಿಲು ನೂಕಿಕೊಂಡು ಹೋಗಿ ಕೂತುಬಿಡುತ್ತಾಳೆ, ಗುಡ್ಡದಿಂದ ಎಬ್ಬಿಸಿ ನಮಗೆಲ್ಲ ಕೊಟ್ಟ ಆ ಕಟ್ಟಡದಲ್ಲಿ ಬಾಗಿಲುಗಳಿಗೆಲ್ಲ ಒಂದೇ ಬಣ್ಣ, ಒಮ್ಮೊಮ್ಮೆ ನನಗೇ ಗೊತ್ತಾಗುವುದಿಲ್ಲ.

ಅವ್ವ ಗೇಟಿನ ಪಕ್ಕ ವಾಚ್‌ಮನ್ನನ ಸ್ಟೂಲಿನ ಮೇಲೆ ಕೂತಿದ್ದಾಳೆ, ಕಾರು ಬಂದರೆ ಕಿಟಕಿಗೆ ಬಗ್ಗಿ ಊಟ ಆಯ್ತಾ, ಬಾಯಾರಿಕೆಗೆ ನೀರು ಕೊಡ್ಲಾ ಅನ್ನುತ್ತಾಳೆ, ನಿಮ್ಮವ್ವ ನನ್ನ ಕೆಲಸಕ್ಕೆ ಕಲ್ಲು ಹಾಕ್ತಾರೆ ಕಣಕ್ಕಾ ಎಂದು ವಾಚ್‌ಮನ್ ನಗುತ್ತಾನೆ, ಮನೆಗೆ ಬಂದವರನ್ನು ಕೇಳದೆ ಇರುವುದು ಹೇಗೆ, ಅವಳಿಗೆ ಇದು ಅವಳ ಅಂಗಳ, ಸುಳ್ಳೂ ಅಲ್ಲ, ಇಲ್ಲೇ ಎಲ್ಲೋ ನಮ್ಮ ಒಲೆಯಿತ್ತು, ಹಿಂದೆ ಗುಡ್ಡವಿತ್ತು, ಈಗ ಗುಡ್ಡವಿದ್ದಲ್ಲಿ ಗಣಿಯ ಗುಂಡಿ, ಲಾರಿಗಳು ಸಾಲಾಗಿ ಇಳಿದು ಕೆಂಪು ಮಣ್ಣು ಹೊತ್ತು ಹತ್ತುತ್ತವೆ. ಆ ಗುಡ್ಡದಲ್ಲೇ ಅವ್ವ ಕಾಡುಗೆಣಸು ಅಗೆಯುತ್ತಿದ್ದುದು, ನಾನು ಅವಳ ಬೆನ್ನಿಗಂಟಿಕೊಂಡು, ಬಳ್ಳಿ ಹಿಡ್ಕೋ ಮಗಾ, ಎಳೀಬೇಡ, ಅದಕ್ಕೆ ನೋವಾಗುತ್ತೆ, ಚೂಪು ಕೋಲಿನಿಂದ ಸುತ್ತಲ ಮಣ್ಣು ಬಿಡಿಸಿ, ಭುಜದವರೆಗೂ ಕೈ ಇಳಿಸಿ ಗೆಣಸು ಮುರಿದು ತೆಗೆದು, ಬಳ್ಳಿಯ ಬುಡಕ್ಕೆ ಅಂಟಿದ ತಲೆಯನ್ನು ಮಾತ್ರ ಮತ್ತೆ ಗುಂಡಿಗಿಟ್ಟು, ಮಣ್ಣು ಮುಚ್ಚಿ, ಅಂಗೈಯಿಂದ ಮೆಲ್ಲಗೆ ತಟ್ಟುತ್ತಾಳೆ, ಮಗು ಮಲಗಿಸುವ ಹಾಗೆ, ಇದು ಗುಡ್ಡದ ಪಾಲು, ಇದನ್ನ ನಾವು ಒಯ್ಯಬಾರ್ದು, ಮುಂದಿನ ವರ್ಷ ಮತ್ತೆ ಬರ್ಬೇಕಲ್ಲ. ನಮ್ಮನ್ನು ಸಾಗಿಸಲು ಲಾರಿ ಬಂದ ದಿನ ಮಾತ್ರ ಒಯ್ದಳು, ಯಂತ್ರ ಬಂದು ಎಲ್ಲ ಕೆರೆದು ಹಾಕುತ್ತದೆ ಎಂದು ಗೊತ್ತಿತ್ತು, ಸಿಕ್ಕಷ್ಟು ತಲೆಗಳನ್ನು ಚೀಲಕ್ಕೆ ತುಂಬಿ ನಾಲ್ಕನೇ ಮಹಡಿಗೆ ಹೊತ್ತು ತಂದಳು, ಕಟ್ಟಡದ ಸುತ್ತ ಮೂರು ಸುತ್ತು ಬಂದಳು, ಎಲ್ಲೆಲ್ಲೂ ಸಿಮೆಂಟು, ಚೀಲ ಮೆಟ್ಟಿಲ ಕೆಳಗೆ ಕೊಳೆತು ನಾರಿತು, ಯಾರೋ ಎತ್ತಿ ಕಸದ ಗಾಡಿಗೆ ಹಾಕಿದರು, ಅವ್ವ ಜಗಳ ಆಡಲಿಲ್ಲ, ಅಳಲೂ ಇಲ್ಲ, ಆಮೇಲೆ ಒಂದೊಂದಾಗಿ ಮರೆಯುತ್ತಾ ಬಂದಳು, ಅಪ್ಪ ಸತ್ತದ್ದು, ನೀರಿನ ನಲ್ಲಿ ತಿರುಗಿಸುವುದು, ಕೊನೆಗೆ ನನ್ನನ್ನು. ಸಂಕಟವಾಗುತ್ತದೆ, ದಿನಾ ನಾನು ಅವಳ ತಲೆ ಬಾಚುವಾಗ ಪಾಪ ಒಳ್ಳೆ ಹುಡುಗಿ ಅನ್ನುತ್ತಾಳೆ, ನಾನು ನಿನ್ನ ಮಗಳು ಕಣವ್ವಾ ಅಂದರೆ ಹೌದೌದು ಎಂದು ಸಮಾಧಾನ ಮಾಡುತ್ತಾಳೆ, ನನ್ನನ್ನು. ಆದರೆ ನಾನು ಸಂತೆಯಿಂದ ತಂದ ಗೆಣಸಿನ ತಲೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಬೋರ್ಡಿನ ಬುಡದಲ್ಲಿ ಹೂಳಲು ಮರೆತಿಲ್ಲ, ಚಿಗುರಿದ ಮೇಲೇ ನನಗೆ ತಿಳಿದದ್ದು. ಮೊನ್ನೆ ಆಚೆಯ ಗುಂಡಿಯನ್ನು ಬಹಳ ಹೊತ್ತು ನೋಡಿ ಕೇಳಿದಳು, ಇಷ್ಟು ದೊಡ್ಡದಾಗಿ ಅಗೆದಿದಾರಲ್ಲ, ತಲೆ ವಾಪಸ್ ಇಟ್ರಾ. ಇಡ್ತಾರವ್ವ, ಕೆಲಸ ಇನ್ನೂ ಮುಗಿದಿಲ್ಲ ಅಂದೆ, ಮತ್ತೇನು ಅನ್ನಲಿ.

ಪೈಪು ಪಕ್ಕಕ್ಕಿಟ್ಟೆ, ಕೂತೆ, ಅವ್ವ ಈ ಕಡೆ ನೋಡದಿರಲಿ, ಕಂಬದಿಂದ ಬಳ್ಳಿ ಬಿಡಿಸಿದರೆ ಅದು ಕೈಗೇ ಸುತ್ತಿಕೊಳ್ಳುತ್ತದೆ, ಬಿಡು ಮಾರಾಯ್ತಿ, ನನಗೂ ಹೊಟ್ಟೆಪಾಡಿದೆ, ಈ ಕೆಲಸ ಹೋದರೆ ಅವ್ವನನ್ನು ಎಲ್ಲಿ ಕೂರಿಸಲಿ, ಅವಳ ಅಂಗಳ ಈ ಗೇಟಿನೊಳಗಿದೆ, ಎಳೆದು ಬಿಸಾಕಿದರೆ ಮುಗಿಯಿತು, ಎಳೆಯಲು ಕೈ ಬರುವುದಿಲ್ಲ, ಅದು ತಾನಾಗಿ ಸುತ್ತಲ ಮಣ್ಣು ಬಿಡಿಸುತ್ತಿದೆ, ಒಳಗೆ ತಣ್ಣಗೆ ಏನೋ ತಾಗಿತು, ಮುಷ್ಟಿಯಷ್ಟು ಗೆಣಸು, ಇಷ್ಟು ಕಡಿಮೆ ಮಣ್ಣಿನಲ್ಲೂ ಕಟ್ಟಿದೆ ನೋಡು, ಮುರಿದು ತೆಗೆದೆ — ಬೇರು ಸಮೇತ ಬಂತೇನಮ್ಮಾ, ಬಂತು ಸಾರ್, ಗೆಣಸು ಎತ್ತಿ ತೋರಿಸಿದೆ, ಅವರು ಒಳಗೆ ಹೋದರು, ಇನ್ನೊಂದು ಕೈಯಲ್ಲಿ ತಲೆ, ಇದನ್ನೂ ಕಸದ ಬುಟ್ಟಿಗೆ, ಈಗಲೇ, ಬುಟ್ಟಿ ಪಕ್ಕದಲ್ಲೇ ಇದೆ, ಕೈ ಮಾತ್ರ ಗುಂಡಿಗೆ ಹೋಗಿದೆ, ಇಟ್ಟಾಗಿದೆ, ಮಣ್ಣು ಮುಚ್ಚುತ್ತಿದೆ, ಮಳೆ ಬಿದ್ದರೆ ಚಿಗುರುತ್ತದೆ, ಚಿಗುರಿದರೆ ನಾನೂ ಇಲ್ಲ ಇಲ್ಲಿ, ಅವ್ವನೂ ಇಲ್ಲ, ತೆಗೆ, ತೆಗಿ ಅದನ್ನ, ಕೈ ಕೇಳುವುದಿಲ್ಲ, ತಟ್ಟುತ್ತಿದೆ, ಮೆಲ್ಲಗೆ. ಹುಲ್ಲಿನ ಮೇಲೆ ನೆರಳು ಬಿತ್ತು, ಅವ್ವ, ಬರಿಗಾಲು, ಯಾವಾಗ ಬಂದಳೋ, ಎದುರಿಗೆ ಕುಕ್ಕರುಗಾಲಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದಾಳೆ, ಯಾರ ಮಗಳು ತಾಯಿ ನೀನು, ಚೆನ್ನಾಗಿ ಕಲಿಸಿದಾಳೆ ನಿಮ್ಮವ್ವ, ಹೂಂ ಅವ್ವ, ಚೆನ್ನಾಗಿ ಕಲಿಸಿದಾಳೆ, ಅವಳೂ ಕೈ ಚಾಚಿ ನನ್ನ ಕೈಯ ಪಕ್ಕದಲ್ಲೇ ತಟ್ಟುತ್ತಾಳೆ, ಒದ್ದೆ ಮಣ್ಣು, ಅವಳ ಅಂಗೈ, ನನ್ನ ಅಂಗೈ, ಗೇಟಿನಲ್ಲಿ ಹಾರ್ನು, ಒದ್ದೆ ಮಣ್ಣು, ಅವಳ ಅಂಗೈ