ಅರ್ಧಕ್ಕೆ ನಿಂತ ಅಪ್‌ಡೇಟು, ನಲವತ್ತೊಂದು ಹೆಸರು

ಒಂದಾನೊಂದು ಊರಿನಲ್ಲಿ ಒಂದು ಕರಿ ಪೆಟ್ಟಿಗೆ ಇತ್ತು. ಅದರ ಹೊಟ್ಟೆಯೊಳಗೆ ನಲವತ್ತೊಂದು ಜನರ ಕಣ್ಣಿನ ಬೆಳಕು ಇತ್ತು. ಒಂದು ದಿನ ಆ ಪೆಟ್ಟಿಗೆಯೇ ಕಣ್ಣು ಮುಚ್ಚಿಕೊಂಡಿತು.

ನಮ್ಮಜ್ಜಿ ಚಿಕ್ಕಬೋರಮ್ಮ ಕಥೆ ಶುರು ಮಾಡುವುದೇ ಹೀಗೆ. ಆದರೆ ಈ ಊರು ಏಳು ಸಮುದ್ರದ ಆಚೆ ಇಲ್ಲ, ಮದ್ದೂರು ತಾಲ್ಲೂಕಿನ ಆತಗೂರು ಹೋಬಳಿಯಲ್ಲೇ ಇದೆ. ಪೆಟ್ಟಿಗೆ ಎಂದರೆ ನನ್ನ ಲ್ಯಾಪ್‌ಟಾಪು. ನಾನು ಕುಸುಮ.

ನಮ್ಮೂರಿನಲ್ಲಿ ಕಣ್ಣಿಗೆ ಪೊರೆ ಬಂದ ಹಿರಿಯರು ಬಹಳ. ಉಚಿತ ಆಪರೇಷನ್ ಶಿಬಿರದವರು, “ಹೆಸರು, ವಯಸ್ಸು, ಯಾವ ಕಣ್ಣು, ಫೋನ್ ನಂಬರು ಬರೆದು ಶುಕ್ರವಾರ ಸಂಜೆ ಐದರೊಳಗೆ ಕಳಿಸಿ. ಪಟ್ಟಿಯಲ್ಲಿ ಇದ್ದವರನ್ನಷ್ಟೇ ಬಸ್ಸಿಗೆ ಹತ್ತಿಸುತ್ತೇವೆ” ಎಂದಿದ್ದರು. ನಾನು ಕಳಿಸುತ್ತೇನೆ ಎಂದು ಊರಿಗೆ ಮಾತು ಕೊಟ್ಟಿದ್ದೆ. ಹನ್ನೆರಡು ದಿನ ಮನೆಮನೆ ತಿರುಗಿ ಬರೆದುಕೊಂಡು ಬಂದು ಟೈಪ್ ಮಾಡಿದೆ. ಟೈಪ್ ಆದ ಚೀಟಿಗಳನ್ನು ನೀರೊಲೆಗೆ ಹಾಕಿಬಿಟ್ಟೆ. ಅದು ನನ್ನ ಮೊದಲ ತಪ್ಪು.

ಗುರುವಾರ ಮಧ್ಯಾಹ್ನ ಲ್ಯಾಪ್‌ಟಾಪು ಅಪ್‌ಡೇಟ್ ಕೇಳಿತು. ಸರಿ ಎಂದು ಒತ್ತಿ, ಅಪ್ಪನಿಗೆ ಬುತ್ತಿ ಕೊಡಲು ಗದ್ದೆಗೆ ಹೋದೆ. ಅದರ ಬ್ಯಾಟರಿ ಸತ್ತು ವರ್ಷವಾಗಿತ್ತು, ಚಾರ್ಜರ್ ಸಿಕ್ಕಿಸಿದ್ದರೆ ಮಾತ್ರ ಓಡುತ್ತಿತ್ತು. ಅದನ್ನು ಹಾಗೆ ಬಿಟ್ಟು ಹೋದದ್ದು ಎರಡನೆಯ ತಪ್ಪು. ಮಳೆಯಲ್ಲಿ ನೆನೆದು ವಾಪಸ್ ಬಂದರೆ ಚಾರ್ಜರ್ ಸಿಕ್ಕಿಸಿದಂತೆಯೇ ಇದೆ, ಪರದೆ ಮಾತ್ರ ಕಪ್ಪು. ಗುಂಡಿ ಒತ್ತಿದೆ. ದೀಪ ಹೊತ್ತಿತು, ಒಳಗೆ ಫ್ಯಾನು ಗುಂಯ್ ಎಂದಿತು. ಪರದೆ ಬೆಳಗಲಿಲ್ಲ.

“ಅಜ್ಜಿ, ಇದನ್ನ ಯಾರಾದ್ರೂ ಮುಟ್ಟಿದ್ರಾ?”

“ನಾನ್ಯಾಕ್ ಮುಟ್ಲಿ ಬುಡು” ಎಂದರು ಅಜ್ಜಿ, ಹುರುಳಿ ಕೇರುತ್ತಿದ್ದ ಮೊರದಿಂದ ತಲೆ ಎತ್ತದೆ. ಮೊರ ಕೆಳಗಿಟ್ಟು, “ಅಕ್ಕಿ ಮೂಟೆ ಒಳಕ್ಕೆ ಊತಾಕು. ನಿಮ್ಮಪ್ಪನ ಮೊಬೈಲು ಕಾಲ್ವೆಗೆ ಬಿದ್ದಾಗ ಅಕ್ಕಿನೇ ಅಲ್ವಾ ಬದುಕ್ಸಿದ್ದು?” ಎಂದರು.

“ಇದು ನೆಂದಿಲ್ಲ ಕಣಜ್ಜಿ.”

“ನೆನೀದಿದ್ರೆ ಅಕ್ಕಿ ಏನ್ ಕಚ್ತದಾ?”

ಶುಕ್ರವಾರ ಬೆಳಿಗ್ಗೆ ಅಪ್ಪ ಶಿವಣ್ಣ ಅಂಗಿ ತೊಟ್ಟು ನಿಂತಿದ್ದರು. “ಮದ್ದೂರ್ ಕಂಪ್ಯೂಟರ್ ಅಂಗ್ಡಿಯೋನ್ಗೆ ಫೋನ್ ಮಾಡಿದ್ದೆ ಕಣಮ್ಮಿ. ಒಳಗಿರೋದೆಲ್ಲಾ ಅಳಿಸಿ ಒಸ್ದಾಗಿ ಆಕ್ಬೇಕಂತೆ. ನಡಿ, ಬಸ್ಸು ಬತ್ತದೆ.”

“ಅಳಿಸಿದ್ರೆ ಪಟ್ಟಿನೂ ಹೋಗ್ತದಪ್ಪಾ!”

“ಪಟ್ಟಿ ಓಗ್ಲಿ ಬುಡು, ಮಿಷನ್ನಾದ್ರೂ ಉಳೀಲಿ.”

ಜಗಲಿಯ ಮೇಲೆ ಪುಟ್ಟಮಾದಯ್ಯ ತಾತ ಕೂತಿದ್ದರು. ದಿನಾ ಬೆಳಿಗ್ಗೆ ಗೋಡೆ ಸವರಿಕೊಂಡು ಬಂದು ಪಟ್ಟಿ ಕಳಿಸಿದೆಯಾ ಎಂದು ಕೇಳುವವರು. “ಈ ಸಲ ತಪ್ಪುದ್ರೆ ಮುಂದಿನ್ ವರ್ಸ ಕಣ್ಲಾ ಶಿವಣ್ಣ” ಎಂದರು. “ನೆನ್ನೆ ನಮ್ಮ ಅಸ ಅಂತ ನಿಮ್ಮ ಎಮ್ಮೆ ಮೈ ತಿಕ್ತಾ ಕೂತಿದ್ದೆ. ಅದೂ ಸುಮ್ನೆ ನಿಂತಿತ್ತು, ಪುಣ್ಯಾತ್ಗಿತ್ತಿ.”

ಅಪ್ಪನಿಗೆ ನಗು ಬಂತು, ತಾತನ ಕಣ್ಣು ನೋಡಿ ಅದು ನಿಂತುಹೋಯಿತು. ನನ್ನ ಕಡೆ ತಿರುಗಿದರು. “ಸರಿ, ಎಲ್ಲಿ ತೋರುಸ್ಬೇಕು ಅಂತೀಯೋ ತೋರ್ಸು. ಆಗ್ದಿದ್ರೆ ಮದ್ದೂರೇ.”

ಪಂಚಾಯ್ತಿಯ ಅರಿವು ಕೇಂದ್ರಕ್ಕೆ ಹೋದೆವು. ಅಜ್ಜಿಯೂ ಕರೆಯದೆಯೇ ಹಿಂದೆ ಬಂದರು. ಅಲ್ಲಿ ಗ್ರಂಥಾಲಯ, ಕಂಪ್ಯೂಟರು ಎರಡನ್ನೂ ನೋಡಿಕೊಳ್ಳುವವರು ವನಜಕ್ಕ. ಅವರು ಲ್ಯಾಪ್‌ಟಾಪು ಮುಟ್ಟಲೇ ಇಲ್ಲ.

“ಮೊದ್ಲು ನಡೆದದ್ದು ಹೇಳಿ. ಕಪ್ಪಾಗೋಕೆ ಮುಂಚೆ ಏನ್ ನಡೀತಿತ್ತು?”

“ಅಪ್‌ಡೇಟ್ ಆಗ್ತಿತ್ತಕ್ಕ.”

“ನಡುವೆ ಕರೆಂಟ್ ಹೋಗಿತ್ತಾ?”

“ಇಲ್ವಲ್ಲ” ಎಂದರು ಅಪ್ಪ.

ಅಜ್ಜಿ ಸೆರಗಿನ ತುದಿ ಹಿಂಡುತ್ತಾ ಮುಂದೆ ಬಂದರು. “ಕರೆಂಟ್ ಓಗ್ನಿಲ್ಲ ಕಣವ್ವ. ನಾನೇ ಕಿತ್ತಾಕ್ದೆ. ಗುಡುಗ್ತಿತ್ತು. ಟೀವಿದೂ ಕಿತ್ತೆ, ಇದ್ರುದೂ ಕಿತ್ತೆ. ಕಪ್ಪಾಗೋಯ್ತು. ಎದ್ರುಕೊಂಡು ಮತ್ತೆ ಚುಚ್ದೆ. ಕಣ್ಣೇ ಬುಡ್ನಿಲ್ಲ.”

“ಅವ್ವಾ! ನೆನ್ನೆಯಿಂದ ಬಾಯ್ ಬುಡ್ಬಾರ್ದಾಗಿತ್ತಾ?” ಎಂದು ಅಪ್ಪ ಕೂಗಿದರು.

“ನೀನಿಂಗೆ ಕಿರುಚ್ತೀಯ ಅಂತ್ಲೇ ಬುಡ್ನಿಲ್ಲ ಕಣ್ಲಾ!”

ವನಜಕ್ಕ ಅಜ್ಜಿಯ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. “ಅಜ್ಜಿ, ನೀವು ಹೇಳಿದ್ದೇ ಅರ್ಧ ರಿಪೇರಿ. ಗುಡುಗಿಗೆ ಪಿನ್ ಕಿತ್ತಿದ್ದು ತಪ್ಪಲ್ಲ. ಬ್ಯಾಟರಿ ಇಲ್ದೆ ಅಪ್‌ಡೇಟ್ ಬಿಟ್ಟು ಹೋಗಿದ್ದು ನಿಮ್ಮ ಮೊಮ್ಮಗಳ ತಪ್ಪು. ಅಪ್‌ಡೇಟು ಅರ್ಧಕ್ಕೆ ನಿಂತು ದಾರಿ ತಪ್ಪಿದೆ, ಅಷ್ಟೇ. ಪಟ್ಟಿ ಒಳಗೇ ಇರ್ತದೆ.”

ಅಕ್ಕ ಅದಕ್ಕೆ ಸಿಕ್ಕಿಸಿದ್ದ ಮೌಸು, ಪೆನ್‌ಡ್ರೈವು ಎರಡನ್ನೂ ತೆಗೆದಿಟ್ಟು, ಚಾರ್ಜರನ್ನು ಕರೆಂಟ್ ಹೋದರೂ ನಡೆಯುವ ಕೇಂದ್ರದ ಯುಪಿಎಸ್‌ಗೆ ಸಿಕ್ಕಿಸಿದರು. ದೀಪ ಆರುವವರೆಗೆ ಗುಂಡಿ ಒತ್ತಿ ಹಿಡಿದರು. ಹೊತ್ತಿಸಿದರು. ಕಪ್ಪು. ಮತ್ತೆ ಒತ್ತಿ ಹಿಡಿದು ಆರಿಸಿದರು. ಹೀಗೆ ಮೂರು ಸಲ.

“ಆರ್ಸೋದು ಅತ್ಸೋದು ನಾನೂ ಮಾಡ್ತಿದ್ದೆ ಬುಡವ್ವ” ಎಂದರು ಅಪ್ಪ.

“ಮುಂದಿನ ಸಲ ನೀವೇ ಮಾಡಿ ಅಣ್ಣ, ಅದ್ಕೇ ತೋರಿಸ್ತಿರೋದು.”

ನಾಲ್ಕನೆಯ ಸಲ ಪರದೆಯ ಮೇಲೆ ನೀಲಿ ಬಂತು, ಅಕ್ಷರಗಳು ಬಂದವು. ನಾನು ಅಪ್ಪನ ತೋಳು ಹಿಡಿದುಕೊಂಡೆ. ಕೆಟ್ಟಾಗ ತನ್ನನ್ನು ತಾನೇ ಸರಿಪಡಿಸಿಕೊಳ್ಳಲು ಯಂತ್ರ ತೆರೆಯುವ ಪುಟ ಅದು. “ಎಲ್ಲಾ ಅಳಿಸೋ ಆಯ್ಕೆನೂ ಇಲ್ಲೇ ಇದೆ. ಅವಸರಕ್ಕೆ ಅದನ್ನ ಒತ್ತಬೇಡಿ” ಎಂದು ಅಕ್ಕ ಕೊನೆಯ ಅಪ್‌ಡೇಟನ್ನು ಮಾತ್ರ ತೆಗೆದುಹಾಕುವ ಸಾಲು ಆರಿಸಿದರು. ಯಂತ್ರ ಕೆಲಸಕ್ಕೆ ಕೂತಿತು. ಅಜ್ಜಿ ಕುರ್ಚಿಯನ್ನು ಸ್ವಿಚ್‌ಬೋರ್ಡಿನ ಮುಂದಕ್ಕೆ ಎಳೆದುಕೊಂಡು ಕಾವಲು ಕೂತರು.

ಅದು ಮುಗಿಯುವಷ್ಟರಲ್ಲಿ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ನಿಮಗೆ ನಾಲ್ಕು ಮಾತು ಹೇಳಿಬಿಡುತ್ತೇನೆ. ಅಪ್‌ಡೇಟ್ ಒತ್ತುವ ಮೊದಲು ಚಾರ್ಜು ನೋಡಿ, ಮೋಡ ನೋಡಿ, ಮನೆಯವರಿಗೆ ಒಂದು ಮಾತು ಹೇಳಿ. ಬೇಕಾದ ಕಾಗದಪತ್ರದ ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲೋ ಮೇಲ್‌ನಲ್ಲೋ ಇರಲಿ. ಪರದೆ ಕಪ್ಪಾದರೆ ಎಲ್ಲ ಹೋಯಿತು ಎಂದುಕೊಳ್ಳಬೇಡಿ, ಅಳಿಸಲು ಒಪ್ಪಬೇಡಿ. ತಿಳಿದವರ ಹತ್ತಿರ ಹೋಗಿ, ನಡೆದದ್ದನ್ನು ಮುಚ್ಚಿಡದೆ ಹೇಳಿ. ಮನೆಯಲ್ಲಿ ಯಾರಾದರೂ ಹೀಗೆ ಮಾಡಿಬಿಟ್ಟರೆ ದಯವಿಟ್ಟು ಬೈಯಬೇಡಿ. ನಮ್ಮಜ್ಜಿ ಬಾಯಿ ಬಿಡದಿದ್ದರೆ ನಾವು ಆ ಹೊತ್ತಿಗೆ ಮದ್ದೂರಿನಲ್ಲಿರುತ್ತಿದ್ದೆವು.

ಎರಡೂಕಾಲಿಗೆ ಪರದೆ ತೆರೆಯಿತು. ಪಟ್ಟಿ ಇದ್ದಲ್ಲೇ ಇತ್ತು. ಅಕ್ಕ ಮೊದಲು ಅದರ ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಸಿ, ಆಮೇಲೆ ಕಳಿಸಲು ಬಿಟ್ಟರು. ಅಜ್ಜಿ ಎದ್ದು ವನಜಕ್ಕನ ಮುಖ ನೀವಿ ನೆಟಿಕೆ ಮುರಿದರು. “ನಿನ್ನ ಒಟ್ಟೆ ತಣ್ಣಗಿರ್ಲಿ ಮಗಳೇ.”

“ಮದ್ದೂರ್ ಬಸ್ಸು?” ಎಂದೆ ಅಪ್ಪನಿಗೆ.

“ಎಲ್ಡು ಓಗಾಯ್ತು. ಓಗ್ಲಿ” ಎಂದರು ಅಪ್ಪ. ವನಜಕ್ಕನ ಕಡೆ ತಿರುಗಿ, “ನೀನಿಲ್ದಿದ್ರೆ ನಾನೇ ನಿಂತು ಎಲ್ಲಾ ಅಳಿಸ್ಬುಡ್ತಿದ್ದೆ ಕಣವ್ವ” ಎಂದು ಕೈ ಮುಗಿದರು.

ಶಿಬಿರದವರಿಂದ ಉತ್ತರ ಬಂತು: ನಲವತ್ತೊಂದು ಹೆಸರೂ ತಲುಪಿವೆ, ಸೋಮವಾರ ಬೆಳಿಗ್ಗೆ ಏಳಕ್ಕೆ ಬಸ್ಸು. ನಾನು ಓಡಿಕೊಂಡೇ ಮನೆಗೆ ಬಂದೆ. ತಾತ ಇನ್ನೂ ಜಗಲಿಯಲ್ಲೇ ಇದ್ದರು.

“ತಾತ, ಕಳಿಸ್ದೆ” ಎಂದೆ.