ಸೇತುವೆಗೂ ಕಾರಿಗೂ ನಾಲ್ಕು ಬೆರಳು

ಗೀರಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಕಾರು ಯಾರ್ಡಿನವರು ಇಟ್ಟದ್ದು. ಹೊಸ ಕಾರುಗಳನ್ನು ಹೊತ್ತು ಶೋರೂಮಿಗೆ ಮುಟ್ಟಿಸುವ ಉದ್ದುದ್ದ ಕ್ಯಾರಿಯರ್ ಲಾರಿಗಳಲ್ಲಿ ಇಪ್ಪತ್ತಮೂರು ವರ್ಷ ಬೇರೆಯವರಿಗೆ ದುಡಿದವನು ಅವನು. ಕಾರು ಹತ್ತಿಸುವ ಮೊದಲು ಅದರ ಸುತ್ತ ಮೂರು ಸಲ ತಿರುಗುವುದು, ಬಾಗಿಲಿಗೆ ಕೆನ್ನೆ ತಾಗುವಷ್ಟು ಬಗ್ಗಿ ಬೆಳಕಿಗೆ ಅಡ್ಡ ಹಿಡಿದು ನೋಡುವುದು, ಕೂದಲೆಳೆಯಷ್ಟು ಗೀರು ಕಂಡರೂ ಚೀಟಿಯಲ್ಲಿ ಬರೆಸುವುದು. ಅಲ್ಲಿ ಬರೆಸದ ಗೀರು ಇಳಿಸುವ ಕಡೆ ಡ್ರೈವರನ ತಲೆಗೆ ಕಟ್ಟುತ್ತದೆ, ಅದು ಈ ಕಸುಬಿನ ಕಾನೂನು. ಉಳಿದ ಡ್ರೈವರುಗಳು ಎರಡೆರಡು ಟೀ ಕುಡಿದು ಹೊರಟೇಬಿಟ್ಟಿರುತ್ತಿದ್ದರು, ಇವನು ಇನ್ನೂ ಎರಡನೇ ಕಾರಿನ ಹಿಂದಿನ ದೀಪದ ಹತ್ತಿರ ಕುಕ್ಕರಗಾಲಲ್ಲಿ ಕೂತಿರುತ್ತಿದ್ದ.

"ಏನಯ್ಯಾ, ಗೀರು ಹುಡುಕ್ತಾ ಇದೀಯೋ, ಕಾರಿಗೆ ಮುತ್ತು ಕೊಡ್ತಾ ಇದೀಯೋ?" ಅನ್ನುತ್ತಿದ್ದರು.

"ಎರಡೂ," ಅನ್ನುತ್ತಿದ್ದ. "ನಿಮಗೇನು ಹೊಟ್ಟೆಕಿಚ್ಚು?"

ಇಪ್ಪತ್ತಮೂರು ವರ್ಷದಲ್ಲಿ ಅವನ ಕೈಯಿಂದ ಒಂದೇ ಒಂದು ಕಾರಿಗೂ ಗೀರು ಬಿದ್ದಿರಲಿಲ್ಲ. ಅಷ್ಟೇ ಅವನ ಆಸ್ತಿ. ಆ ಆಸ್ತಿ ನಂಬಿಕೊಂಡೇ ಒಂದು ದಿನ ಧಣಿಯ ಮುಂದೆ ಲಾರಿಯ ಕೀಲಿ ಇಟ್ಟು, ಇನ್ನು ನನ್ನದೇ ಗಾಡಿ ಓಡಿಸುತ್ತೇನೆ ಅಂದ. ಧಣಿ ಕೀಲಿಯನ್ನೂ ನೋಡಿದ, ಇವನನ್ನೂ ನೋಡಿದ.

"ಇಷ್ಟು ವರ್ಷ ಒಂದೂ ಗೀರಿಲ್ಲ ಅಂದ್ರೆ ಅದು ಬರೀ ನಿನ್ನ ಕೈಗುಣ ಅಲ್ಲಪ್ಪ. ನನ್ನ ಗಾಡಿ ಗುಣಾನೂ ಇದೆ," ಅಂದ.

ಬಿಟ್ಟುಹೋಗುವವನಿಗೆ ಇಂಥ ಮಾತೆಲ್ಲ ಹೊಟ್ಟೆ ಉರಿಯ ವಾಸನೆ ಹೊಡೆಯುತ್ತದೆ. ಗೀರಪ್ಪ ನಕ್ಕು ಬಂದ. ಅವನು ಮನಸ್ಸು ಬಿಚ್ಚಿ ನಕ್ಕ ನಗುಗಳನ್ನು ಎಣಿಸಿದರೆ ಅದು ಕೊನೆಯಿಂದ ಮೂರನೆಯದೋ ನಾಲ್ಕನೆಯದೋ ಇರಬೇಕು.

ಅವನು ಕೊಂಡದ್ದು ಮೇಲೆ ಮೂರು, ಕೆಳಗೆ ಮೂರು ಕಾರು ಹಿಡಿಯುವ ಹಳೇ ಕ್ಯಾರಿಯರ್. ಮೂರು ವರ್ಷ ಯಾರದೋ ಕಾಂಪೌಂಡಿನಲ್ಲಿ ನಿಂತು ತುಕ್ಕು ಹಿಡಿದಿತ್ತು, ಡ್ರೈವರನ ಸೀಟಿನಲ್ಲಿ ಹಕ್ಕಿ ಗೂಡು ಕಟ್ಟಿತ್ತು. ಅದನ್ನು ಕೊಳ್ಳಲು ಹೆಂಡತಿ ತನ್ನ ಟೈಲರಿಂಗ್ ಅಂಗಡಿ ಬಿಟ್ಟುಕೊಟ್ಟಳು. ಹದಿನಾಲ್ಕು ವರ್ಷದ ಅಂಗಡಿ, ಎರಡು ಮಿಷನ್ನು, ಬಾಗಿಲ ಮೇಲೆ ಅವಳದೇ ಹೆಸರಿನ ಬೋರ್ಡು. ಬೋರ್ಡು ಇಳಿಸುವಾಗ ಅವಳು ಅಳಲಿಲ್ಲ. ಮೊಳೆಗಳನ್ನು ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕಿಕೊಂಡಳು, ಅಷ್ಟೇ.

"ಅಂಗಡಿ ಹೋದ್ರೆ ಹೋಗ್ಲಿ ರೀ. ಆದ್ರೆ ನನ್ನನ್ನ ಮನೇಲಿ ಕೂರಿಸಬೇಡಿ, ನನಗಾಗಲ್ಲ. ನಾನೂ ಗಾಡೀಲಿ ಬರ್ತೀನಿ."

"ಬಂದು ಏನು ಮಾಡ್ತೀಯೇ?"

"ಅಳೀತೀನಿ. ಹದಿನಾಲ್ಕು ವರ್ಷ ಅದನ್ನೇ ತಾನೇ ಮಾಡಿದ್ದು? ಊರಿನವರ ಸೊಂಟ ಅಳೆದವಳಿಗೆ ನಿಮ್ಮ ಗಾಡಿ ಎತ್ತರ ಏನು ಮಹಾ?"

ಮಾತಿಗೆ ಹೇಳಿದಳೆಂದು ಅವನು ತಿಳಿದ. ಅವಳು ಹೇಳಿದಂತೆಯೇ ಮಾಡಿದಳು. ಅಂಗಡಿಯಿಂದ ಉಳಿದ ನಾಲ್ಕು ಟೇಪುಗಳನ್ನು ತುದಿಗೆ ತುದಿ ಸೇರಿಸಿ ಹೊಲಿದು, ಉದ್ದನೆಯ ಬಿದಿರು ಕೋಲಿಗೆ ಬಿಗಿದು, ಬೋರ್ಡಿನ ಅದೇ ಮೊಳೆಗಳನ್ನು ಹೊಡೆದಳು. ಕ್ಯಾರಿಯರಿನ ಮೇಲಟ್ಟದಲ್ಲಿ ಡ್ರೈವರನ ತಲೆಯ ಮೇಲೆ ಬರುವ ಕಾರೇ ಎಲ್ಲಕ್ಕಿಂತ ಎತ್ತರ. ಅದರ ನೆತ್ತಿ ನೆಲದಿಂದ ಎಷ್ಟು, ದಾರಿಯ ಸೇತುವೆ ಎಷ್ಟು, ಎರಡೂ ಗೊತ್ತಿರಬೇಕು. ಗೊತ್ತಿಲ್ಲದವನು ಒಂದೇ ಸಲ ಕಲಿಯುತ್ತಾನೆ, ಎರಡನೇ ಸಲಕ್ಕೆ ಅವನ ಹತ್ತಿರ ಕಾರಿರುವುದಿಲ್ಲ.

ಗಾಡಿ ರಿಪೇರಿ ಮಾಡಿದವನು ಅವಳ ತಮ್ಮ, ವೆಲ್ಡರ್. ಅಕ್ಕನ ಅಂಗಡಿ ಹೋದ ಸಂಕಟ ಅವನಿಗೆ ಅಕ್ಕನಿಗಿಂತ ಹೆಚ್ಚಿತ್ತು, ಅದನ್ನೆಲ್ಲ ಗಾಡಿಯ ಮೇಲೆ ತೀರಿಸಿಕೊಂಡ. ತುಕ್ಕು ಕೆರೆದ, ಅಟ್ಟಕ್ಕೆ ಹೊಸ ಕಬ್ಬಿಣ ಹಾಕಿದ, ಹಿಂದಿನ ಸ್ಪ್ರಿಂಗಿಗೆ ಯಾರೂ ಕೇಳದಿದ್ದರೂ ಎರಡೆರಡು ಪ್ಲೇಟು ಹೆಚ್ಚಾಗಿ ಸೇರಿಸಿದ.

"ಭಾವ, ಮುದುಕಿ ಸೊಂಟ ಇದು. ಈಗ ಗಟ್ಟಿ ಮಾಡಿದೀನಿ. ಕಾರಲ್ಲ, ಆನೆ ಹತ್ತಿಸಿ, ಜಗ್ಗಿದ್ರೆ ನನ್ನ ಕಿವಿ ಹಿಂಡಿ."

ಯಾರ್ಡಿನ ಮ್ಯಾನೇಜರ್ ಗೀರಪ್ಪನನ್ನು ಇಪ್ಪತ್ತು ವರ್ಷದಿಂದ ಬಲ್ಲವನು, ಆದರೂ ಕಣ್ಣು ಮುಚ್ಚಿ ಕೆಲಸ ಕೊಡುವವನಲ್ಲ. "ಧಣಿ ಗಾಡೀಲಿ ಬಂದ ಗೀರಪ್ಪ ನನಗೆ ಗೊತ್ತು. ಈ ಡಕೋಟ ಗಾಡೀಲಿ ಬಂದವನು ಗೊತ್ತಿಲ್ಲ. ಮೂರು ಟ್ರಿಪ್ಪು ನೋಡ್ತೀನಿ. ಒಂದೂ ಗೀರಿಲ್ಲದೆ ಮುಟ್ಟಿಸಿದ್ರೆ ವರ್ಷದ ಕೆಲಸ ನಿನ್ನದು. ಗೀರು ಬಿತ್ತೋ, ನಿನ್ನ ದಾರಿ ನಿನಗೆ."

ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಗಂಡ ಹೆಂಡತಿ ಇಬ್ಬರೂ ಹಾಗೇ ದುಡಿದರು. ಮೊದಲ ಎರಡು ಟ್ರಿಪ್ಪಿನ ದಾರಿಯಲ್ಲಿ ಸೇತುವೆಯೇ ಇರಲಿಲ್ಲ. ಆದರೂ ಅವಳು ವಿದ್ಯುತ್ ತಂತಿ, ಮರದ ಕೊಂಬೆ, ಪೆಟ್ರೋಲ್ ಬಂಕಿನ ಸೂರು, ಕಂಡಕಂಡಲ್ಲಿ ಇಳಿದು ಕೋಲು ಎತ್ತಿದಳು. ಹನ್ನೆರಡು ಕಾರು, ಹನ್ನೆರಡು ಚೀಟಿ, ಹನ್ನೆರಡೂ ಸ್ವಚ್ಛ.

ಮೂರನೇ ಟ್ರಿಪ್ಪು ಎರಡು ಶೋರೂಮಿಗೆ. ಕೆಳಗಿನ ಮೂರು ಕಾರು ರೈಲು ಸೇತುವೆಯ ಆಚೆಯವರಿಗೆ, ಮೇಲಿನ ಮೂರು ಈಚೆಯವರಿಗೆ. ಈಚೆಯವರು ಬಾಗಿಲು ತೆಗೆಯುವುದೇ ಮಧ್ಯಾಹ್ನ, ಕೆಳಗಿನದನ್ನು ಇಳಿಸದೆ ಮೇಲಿನದು ಇಳಿಯುವುದೂ ಇಲ್ಲ. ಹಾಗಾಗಿ ಮೊದಲು ಆಚೆ ಹೋಗಿ, ಅದೇ ದಾರಿಯಲ್ಲಿ ವಾಪಸು ಬರಬೇಕು. ತಲೆಯ ಮೇಲಿನ ಜಾಗದಲ್ಲಿ ನಿಂತದ್ದು ಕಿತ್ತಳೆ ಬಣ್ಣದ ಎತ್ತರದ ಕಾರು. ಅದರ ಸೀಟಿನ ಪ್ಲಾಸ್ಟಿಕ್ಕೂ ಬಿಚ್ಚಿರಲಿಲ್ಲ.

ಬೆಳಿಗ್ಗೆ ಸೇತುವೆಗೆ ಇನ್ನೂ ಹತ್ತು ಹೆಜ್ಜೆ ಇರುವಾಗ ಅವನು ಗಾಡಿ ನಿಲ್ಲಿಸಿದ. ಅವಳು ಇಳಿದು ಕೋಲನ್ನು ಸೇತುವೆಯ ಕಬ್ಬಿಣಕ್ಕೆ ಮುಟ್ಟಿಸಿದಳು, ಆಮೇಲೆ ಗಾಡಿಯ ಪಕ್ಕಕ್ಕೆ ತಂದು ಹಿಡಿದಳು. ಹಿಂದೆ ವಾಹನಗಳು ಅರಚತೊಡಗಿದವು.

"ನಾಲ್ಕು ಬೆರಳಿದೆ ರೀ! ಐದನೇದಿಲ್ಲ!"

"ನಾಲ್ಕು ಸಾಕು ಬಿಡೇ. ಹೆಬ್ಬೆಟ್ಟು ಜೇಬಲ್ಲಿಟ್ಕೋ!"

ಅವಳು ಗಾಡಿಯ ಮುಂದೆ ಹಿಮ್ಮುಖವಾಗಿ ನಡೆಯುತ್ತ, ಕರುವನ್ನು ಕರೆಯುವ ಹಾಗೆ ಬನ್ನಿ ಬನ್ನಿ ಎಂದು ಕೈಯಾಡಿಸಿದಳು. ಗಾಡಿ ನುಸುಳಿತು. ಕಬ್ಬಿಣದ ನೆರಳು ಕಿತ್ತಳೆ ಕಾರಿನ ಬೆನ್ನು ಸವರಿ ಹಿಂದೆ ಹೋಯಿತು.

ಆಚೆಯ ಶೋರೂಮಿನವನು ಬಿಳಿ ಬಟ್ಟೆ ಹಿಡಿದುಕೊಂಡು ಮೂರು ಕಾರನ್ನೂ ಉಜ್ಜಿ ಉಜ್ಜಿ ನೋಡಿದ. ಏನೂ ಸಿಗದೆ ಅವನ ಮುಖ ಬಾಡಿಯೇ ಹೋಯಿತು. ಸಹಿ ಹಾಕಿದ. ಇವರಿಬ್ಬರೂ ಗಾಡಿಯ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದರು.

"ಗಾಡಿ ಬಾಗಿಲ ಮೇಲೆ ಏನು ಹೆಸರು ಬರೆಸ್ತೀರಿ?" ಅಂದಳು ಅವಳು.

"ನಿನ್ನ ಅಂಗಡಿ ಬೋರ್ಡು ಮನೇಲೇ ಇದೆಯಲ್ಲ. ಅದನ್ನೇ ಹೊಡೆಸೋಣ."

"ಟೈಲರ್ ಅಂತಿದೆ ಅದರಲ್ಲಿ."

"ಇರ್ಲಿ ಬಿಡು. ಅಳತೆಗೆ ತಕ್ಕ ಹಾಗೆ ಮುಟ್ಟಿಸ್ತೀವಿ ಅಂತ ತಿಳ್ಕೋತಾರೆ."

ಇಬ್ಬರೂ ನಕ್ಕರು. ಕೊನೆಯ ನಗು ಇದೇ.

ಮಧ್ಯಾಹ್ನ ವಾಪಸು ಬರುವಾಗ ಸೇತುವೆ ಕಾಣುತ್ತಲೇ ಅವಳು ಬಾಗಿಲಿಗೆ ಕೈ ಹಾಕಿದಳು. "ನಿಲ್ಲಿಸಿ, ಇಳೀತೀನಿ."

"ಯಾಕೆ?"

"ಕೋಲು ಹಿಡಿಯೋಕೆ."

"ಬೆಳಿಗ್ಗೆ ಹಿಡಿದದ್ದು ಯಾವ ಸೇತುವೆಗೆ? ಇದಕ್ಕೇ ತಾನೇ? ಈಗೇನು ಅದು ಬೆನ್ನು ಬಗ್ಗಿಸಿ ಕೂತಿದೆಯಾ?"

"ಒಂದ್ಸಲ ನೋಡಿದ್ರೆ ಗಂಟೇನು ಹೋಗುತ್ರೀ?"

"ನೋಡೇ, ಬೆಳಿಗ್ಗೆ ಆರು ಕಾರಿತ್ತು, ಈಗ ಮೂರು. ಭಾರ ಹೊತ್ಕೊಂಡು ಹೋದ ಗಾಡಿ ಹಗುರಾದ್ಮೇಲೆ ಹೋಗಲ್ವಾ? ಈಚೆಯವನು ಬಾಗಿಲು ತೆಗೆದು ಕಾಯ್ತಾ ಇರ್ತಾನೆ. ಕೂತ್ಕೋ."

ಅವಳು ಬಾಗಿಲಿನಿಂದ ಕೈ ತೆಗೆದಳು.

ಹೊಸ ಬಟ್ಟೆಯನ್ನು ಅಡ್ಡಕ್ಕೆ ಹರಿದರೆ ಬರುತ್ತದಲ್ಲ, ಆ ಸದ್ದು ಬಂತು. ಅದೇ ಸದ್ದು, ಆದರೆ ಇಡೀ ಬೀದಿಗೆ ಕೇಳುವಷ್ಟು. ಅವನ ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲಿ ಕಿತ್ತಳೆ ಕಾರಿನ ನೆತ್ತಿ ಮುಂದಿನಿಂದ ಅರ್ಧದವರೆಗೆ ಮಡಚಿಕೊಂಡಿತ್ತು, ಗಾಜಿನ ಪುಡಿ ಇಬ್ಬರ ಮುಂದೆ ಸುರಿಯುತ್ತಿತ್ತು. ಗಾಡಿ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಅವಳ ತಮ್ಮ ವೆಲ್ಡಿಂಗ್ ಅಂಗಡಿ ಹಾಗೇ ಬಿಟ್ಟು ಓಡಿಬಂದ. ಬಂದವನು ಸೇತುವೆ ನೋಡಲಿಲ್ಲ, ಕಾರು ನೋಡಲಿಲ್ಲ, ನೆಟ್ಟಗೆ ಗಾಡಿಯ ಹಿಂಗಾಲಿನ ಹತ್ತಿರ ಹೋಗಿ ಬಗ್ಗಿದ. ಮೇಲೆ ಏಳಲು ಬಹಳ ಹೊತ್ತು ತೆಗೆದುಕೊಂಡ.

"ಭಾವ, ಇಳಿಸಿದ ಮೇಲೆ ಅಳೆದ್ರಾ?"

ಗೀರಪ್ಪ ತಾನೂ ಬಗ್ಗಿ ಹಿಂಗಾಲು ನೋಡಿದ.

"ಭಾರ ಇಳಿದ್ರೆ ಸ್ಪ್ರಿಂಗು ಎದ್ದು ನಿಲ್ಲುತ್ತಲ್ಲ ಭಾವ. ಗಾಡಿ ಐದಾರು ಬೆರಳು ಮೇಲೆ ಬಂದಿದೆ. ನಾನು ಬೇರೆ ಪ್ಲೇಟು ಜಾಸ್ತಿ ಹಾಕಿದೀನಿ, ಇನ್ನೂ ಗಟ್ಟಿಯಾಗಿ ಎತ್ತಿದೆ."

"ಇಪ್ಪತ್ತಮೂರು ವರ್ಷ ಇಳಿಸಿದೀನಿ ಕಣೋ. ಯಾವತ್ತೂ ಹೀಗೆ..."

"ಧಣಿ ಗಾಡೀಲಿ ಸ್ಪ್ರಿಂಗ್ ಎಲ್ಲಿತ್ತು? ಅದಕ್ಕೆ ಕೆಳಗೆ ಗಾಳಿ ಚೀಲ. ಹೇರಿದ್ರೂ ಅಷ್ಟೇ, ಇಳಿಸಿದ್ರೂ ಅಷ್ಟೇ, ಅದೇ ಗಾಳಿ ತಗೊಂಡು ಬಿಟ್ಟು ಎತ್ತರ ಸರಿ ಮಾಡ್ಕೊಳ್ಳುತ್ತೆ."

ಗೊತ್ತಿರಲಿಲ್ಲ ಅಂತಲ್ಲ. ಹೊರೆ ಇಳಿದ ಲಾರಿ ಮೇಲೇಳುತ್ತದೆ ಅಂತ ಗ್ಯಾರೇಜಿನ ನಾಯಿಗೂ ಗೊತ್ತು. ಆದರೆ ತಲೆಗೆ ಗೊತ್ತಿರುವುದು ಬೇರೆ, ಕೈಗೆ ರೂಢಿಯಾಗುವುದು ಬೇರೆ. ಹೇರಿದ ಮೇಲೆ ಅಳೆಯುವುದು ಅವನ ಕೈಗೆ ಇಪ್ಪತ್ತಮೂರು ವರ್ಷದ ರೂಢಿ. ಇಳಿಸಿದ ಮೇಲೆ ಅಳೆಯುವುದನ್ನು ಧಣಿಯ ಗಾಡಿ ಅವನಿಗೆ ಕಲಿಸಲೇ ಇಲ್ಲ.

ಟೈರುಗಳ ಗಾಳಿ ಬಿಟ್ಟು ಗಾಡಿಯನ್ನು ತಗ್ಗಿಸಿ ಹೊರಗೆ ಎಳೆದರು. ಹೆಂಡತಿ ಪಕ್ಕದಲ್ಲಿ ಕೋಲು ಹಿಡಿದು ನಿಂತಿದ್ದಳು. ನಾನು ಹೇಳಿರಲಿಲ್ಲವೇ ಎಂದು ಒಂದು ಮಾತು ಬೈದಿದ್ದರೆ ಅವನಿಗೆ ಜೀವ ಬರುತ್ತಿತ್ತು. ಅವಳು ಬೈಯಲಿಲ್ಲ.

ಯಾರ್ಡಿನ ಮ್ಯಾನೇಜರೂ ಕೂಗಾಡಲಿಲ್ಲ. ಚೀಟಿಯನ್ನು ಮೇಜಿನ ಮೇಲಿಟ್ಟು, "ಕಾರಿನ ಕಥೆ ವಿಮೆಯವರು ನೋಡ್ಕೋತಾರೆ. ಇದರಲ್ಲಿ ಏನಂತ ಬರೀಲಿ ಗೀರಪ್ಪ? ಗೀರು ಅನ್ನೋಕೆ ನನಗೇ ಬಾಯಿ ಬರ್ತಿಲ್ಲ," ಅಂದ.

"ನೆತ್ತಿ ಪೂರ್ತಿ ಹೋಗಿದೆ ಅಂತ ಬರೀರಿ ಸ್ವಾಮಿ. ಇದ್ದದ್ದು ಇದ್ದ ಹಾಗೆ ಬರೀಬೇಕು."

"ಮೂರನೇ ಟ್ರಿಪ್ಪು ಕಣಯ್ಯ. ಇನ್ನರ್ಧ ಗಂಟೆ ದಾರಿ ಇತ್ತು."

"ಕಾಲು ಗಂಟೆ," ಅಂದ ಗೀರಪ್ಪ.

ಯಾರ್ಡಿಗೆ ಯಾರ್ಡು ನೆಂಟರು. ಆ ವಾರ ಮುಗಿಯುವಷ್ಟರಲ್ಲಿ ಎಲ್ಲ ಕಡೆಯೂ ಅವನ ಹೆಸರು ಬದಲಾಗಿ ಸೇತುವೆ ಗೀರಪ್ಪ ಅಂತಾಗಿತ್ತು. ಒಂದು ಕಡೆ ಗೇಟಿನವನೇ ನಕ್ಕು ವಾಪಸು ಕಳಿಸಿದ. ಕೊನೆಗೆ ಧಣಿಯ ಹತ್ತಿರವೂ ಹೋದ. ಧಣಿ ಕುರ್ಚಿ ಎಳೆದು ಕೂರಿಸಿದ, ಟೀ ತರಿಸಿದ, ಹಳೆಯ ಮಾತು ಎತ್ತಲಿಲ್ಲ. ಎತ್ತದೇ ಇದ್ದದ್ದರಿಂದಲೇ ಗೀರಪ್ಪನಿಗೆ ತಿಳಿಯಿತು, ತನ್ನ ಸೀಟಿನಲ್ಲಿ ಬೇರೆಯವನು ಕೂತಾಗಿದೆ ಎಂದು. ಟೀ ಕುಡಿದು ಎದ್ದು ಬಂದ.

ಹೆಂಡತಿ ಒಂದು ಬೆಳಿಗ್ಗೆ ಅಂಗಳದಲ್ಲಿ ಕೋಲನ್ನು ಮಡಿಲ ಮೇಲೆ ಅಡ್ಡ ಹಾಕಿಕೊಂಡು ಮೊಳೆ ಕೀಳುತ್ತಿದ್ದಳು. ಟೇಪುಗಳ ಹೊಲಿಗೆಯನ್ನು ಬ್ಲೇಡಿನಿಂದ ಬಿಡಿಸಿ, ನಾಲ್ಕನ್ನೂ ಬೇರೆ ಬೇರೆ ಸುತ್ತಿಟ್ಟಳು.

"ಯಾಕೇ?"

"ಗಾರ್ಮೆಂಟ್ಸಲ್ಲಿ ಕೆಲಸ ಸಿಕ್ಕಿದೆ. ಟೇಪು ನಾವೇ ತರಬೇಕಂತೆ."

"ಒಂದು ಸಾಕಲ್ವಾ?"

"ಉಳಿದದ್ದು ಇಟ್ಕೊಂಡು ಏನು ಅಳೀತೀರಿ?" ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕೇಳಬೇಕಾದ್ದನ್ನು ಕೇಳಿದ್ದಳು ಅಷ್ಟೇ. ಮೊಳೆಗಳನ್ನು ಮತ್ತೆ ಅದೇ ಡಬ್ಬಿಗೆ ಹಾಕಿದಳು. ಬೋರ್ಡು ಮಂಚದ ಕೆಳಗೇ ಉಳಿಯಿತು.

ಈಗಲೂ ಅವನ ಗಾಡಿ ಓಡುತ್ತದೆ. ಗುಜರಿಯವನಿಗೆ ಓಡುತ್ತದೆ. ಡಿಕ್ಕಿ ಹೊಡೆದು ಜಜ್ಜಿಹೋದ ಕಾರುಗಳು, ಸುಟ್ಟವು, ಮುಳುಗಿ ಎದ್ದವು, ಎಲ್ಲವನ್ನೂ ಒತ್ತಿ ಪುಡಿ ಮಾಡುವ ಕಾರ್ಖಾನೆಗೆ ಮುಟ್ಟಿಸುತ್ತಾನೆ. ಹತ್ತಿಸುವ ಮೊದಲು ಇಂದಿಗೂ ಸುತ್ತ ಮೂರು ಸಲ ತಿರುಗುತ್ತಾನೆ, ಬಗ್ಗಿ ನೋಡುತ್ತಾನೆ. ಮೊದಲ ದಿನ ಚೀಟಿಯನ್ನೂ ಕೇಳಿದ್ದ.

"ಗೀರಪ್ಪೋರೇ," ಅಂದಿದ್ದ ಗುಜರಿಯ ಗುಮಾಸ್ತ, "ಗೀರಿಲ್ಲದ ಜಾಗ ಎಲ್ಲಾದ್ರೂ ಇದ್ರೆ ತೋರಿಸಿ, ಅದನ್ನ ಬರೀತೀನಿ."

ಕಾರ್ಖಾನೆಯ ದಾರಿಯೂ ಅದೇ ಸೇತುವೆಯ ಕೆಳಗೆ. ಪ್ರತಿ ಸಲ ಹತ್ತು ಹೆಜ್ಜೆ ಹಿಂದೆ ಗಾಡಿ ನಿಲ್ಲಿಸಿ, ಮೊಳೆಯ ತೂತುಗಳಷ್ಟೇ ಉಳಿದಿರುವ ಕೋಲು ಹಿಡಿದು ಇಳಿಯುತ್ತಾನೆ. ಹೇರಿದಾಗ ಒಂದು ಸಲ, ಇಳಿಸಿ ಖಾಲಿ ಬರುವಾಗ ಇನ್ನೊಂದು ಸಲ. ಹಿಂದಿನವರು ಹಾರನ್ ಒತ್ತುತ್ತಾರೆ, ತಲೆ ಹೊರಗೆ ಹಾಕಿ ಅವನ ವಂಶವನ್ನೆಲ್ಲ ಎತ್ತಿ ಬೈಯುತ್ತಾರೆ. ಅವನು ಕೋಲಿನ ತುದಿಯನ್ನು ಕಬ್ಬಿಣಕ್ಕೆ, ಇನ್ನೂ ಮಾಸದೆ ಉಳಿದಿರುವ ಕಿತ್ತಳೆ ಗೀರಿಗೇ ಸರಿಯಾಗಿ ಮುಟ್ಟಿಸಿ ನೋಡುತ್ತಾನೆ.

ಜಜ್ಜಿದ ಕಾರಿಗೆ ಎತ್ತರ ಎಲ್ಲಿಂದ ಬರಬೇಕು? ಮೇಲೆ ಒಬ್ಬ ಆಳು ಕೂರುವಷ್ಟು ಜಾಗ ಇರುತ್ತದೆ.