ಮಲಗಬಾರದ ಪುಟಗಳು

ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಜನ ಕಿಟಕಿಯೊಳಗೆ ಕೈ ತೂರಿಸಿ ಸೀಟಿನ ಮೇಲೆ ಕರ್ಚೀಫು ಹಾಕುತ್ತಾರೆ. ಕರ್ಚೀಫು ಇಲ್ಲದವರು ಕೊಡೆ ಹಾಕುತ್ತಾರೆ, ಅದೂ ಇಲ್ಲದವರು ಬುತ್ತಿಯ ಚೀಲ. ಹಾಕಿಯಾದ ಮೇಲೆ ಸೀಟು ಅವರದ್ದು. ಹಾಕಿದವರು ಹೋಗಿ ಚಹಾ ಕುಡಿದು, ಬೀಡ ಹಾಕಿ, ಊರಿನ ಸುದ್ದಿಯನ್ನೆಲ್ಲ ಮುಗಿಸಿ ನಿಧಾನಕ್ಕೆ ಹತ್ತಿದರೂ ಬೇರೆಯವರು ಅಲ್ಲಿ ಕೂರುವ ಹಾಗಿಲ್ಲ. ಬಸ್ಸಿಗೆ ಈ ಪದ್ಧತಿ ಸರಿ ಎಂದೇ ಇಟ್ಟುಕೊಳ್ಳೋಣ. ಅದನ್ನೇ ತಂದು ಕಾಂತಿಯ ಕಂಪ್ಯೂಟರಿನ ಮೇಲೂ ಹಾಕಿದರೆ ಅವಳು ಏನು ಮಾಡಬೇಕು?

ಬಸ್‌ಸ್ಟ್ಯಾಂಡಿನ ಎದುರಿನ ಕಟ್ಟಡದ ಮಹಡಿಯಲ್ಲಿ ಅವಳ ಗಂಡ ಲೋಕನಾಥನ ಸೈಬರ್ ಕೆಫೆ. ಬೋರ್ಡಿನಲ್ಲಿರುವ ಹೆಸರು ಅವನದ್ದು, ಬಾಗಿಲ ಬಳಿಯ ಕುರ್ಚಿ ಅವನದ್ದು, ಬಂದವರಿಗೆಲ್ಲ 'ಬನ್ನಿ ಬನ್ನಿ' ಎನ್ನುವ ನಗು ಅವನದ್ದು. ಉಳಿದದ್ದೆಲ್ಲ ಕಾಂತಿಯದ್ದು. ಐದು ಕಂಪ್ಯೂಟರುಗಳಲ್ಲಿ ನಾಲ್ಕನ್ನು ಹಾಸ್ಟೆಲಿನ ಮಕ್ಕಳು ಹಿಡಿದುಕೊಂಡಿರುತ್ತಾರೆ. ಐದನೆಯದು ಕೌಂಟರಿನದ್ದು, ಕಾಂತಿ ಕೂರುವಂಥದ್ದು. ಊರಿನ ಪರಿಚಯದವರಿಗೆಲ್ಲ ಅದೇ ಬೇಕು. ಕಾಂತಿಯಕ್ಕ ಅಲ್ಲೇ ಇರುತ್ತಾಳೆ, ಬೇರೆ ಯಾರೂ ಮುಟ್ಟುವುದಿಲ್ಲ ಎಂಬ ಧೈರ್ಯ ಅವರಿಗೆ.

ಮೀನಿನ ವ್ಯಾಪಾರದ ಬಾವಾಕ ಬಂದು, ಸೌದಿಯಲ್ಲಿರುವ ಮಗ ಕಳಿಸಿದ ಫೋಟೋಗಳ ಪುಟ ತೆರೆಸಿ, ಎರಡು ಫೋಟೋ ನೋಡುವಷ್ಟರಲ್ಲಿ ಯಾರಾದರೂ ಕೆಳಗಿನಿಂದ ಕೂಗುತ್ತಾರೆ. "ಇದು ಹೀಗೇ ಇರ್ಲಿ ಅಕ್ಕ, ಈಗ ಬಂದೆ" ಎಂದು ಇಳಿದು ಹೋಗುತ್ತಾರೆ. ಅವರ 'ಈಗ' ಎಂದರೆ ನಾಳೆ ಮಧ್ಯಾಹ್ನ. ನಿವೃತ್ತರಾದ ಶಶಿಪ್ರಭಾ ಟೀಚರ್ ರೈಲಿನ ವೇಳಾಪಟ್ಟಿ ತೆರೆಸಿಡುತ್ತಾರೆ, ಅದರ ಪಕ್ಕ ಹವಾಮಾನದ ಪುಟ, ಅದರ ಪಕ್ಕ ಶ್ರವಣಬೆಳಗೊಳದ ಫೋಟೋಗಳು. ಹಾಸ್ಟೆಲಿನ ಹುಡುಗಿಯರು ಇನ್ನೂ ಬಾರದ ಫಲಿತಾಂಶದ ಪುಟವನ್ನು ಬರುವ ತನಕ ಇರಲಿ ಎಂದು ತೆರೆದಿಟ್ಟು ಹೋಗುತ್ತಾರೆ. ಒಂದೊಂದು ಪುಟವೂ ಪರದೆಯ ಮೇಲ್ತುದಿಯಲ್ಲಿ ಒಂದೊಂದು ಟ್ಯಾಬ್ ಆಗಿ ಕೂರುತ್ತದೆ. ಸಂಜೆಯಾಗುವಾಗ ಟ್ಯಾಬುಗಳು ಎಷ್ಟಾಗಿರುತ್ತವೆಂದರೆ ಯಾವುದರ ಹೆಸರೂ ಓದಲಿಕ್ಕಾಗುವುದಿಲ್ಲ.

ನೋಡುವವರಿಲ್ಲದಿದ್ದರೂ ಆ ಪುಟಗಳು ಸುಮ್ಮನಿರುವುದಿಲ್ಲವಲ್ಲ. ಒಳಗಿಂದೊಳಗೇ ಕಂಪ್ಯೂಟರಿನ ಮೆಮೊರಿಯನ್ನು ತಿನ್ನುತ್ತಲೇ ಇರುತ್ತವೆ. ಮೌಸ್ ಆಡಿಸಿದರೆ ಬಾಣ ಅಲುಗುವುದಿಲ್ಲ. ಒಂದಕ್ಷರ ಕುಟ್ಟಿದರೆ ಅದು ಮೂಡುವಷ್ಟರಲ್ಲಿ ಒಂದು ಲೋಟ ಚಹಾ ಕುಡಿದು ಮುಗಿಸಬಹುದು. ಬಂಟ್ವಾಳದ ಬಿ.ಸಿ.ರೋಡಿನಿಂದ ಬರುವ ರಿಪೇರಿಯವನು ಪ್ರತಿ ಸಲವೂ, "ಇದಕ್ಕೆ ಮೆಮೊರಿ ಸಾಕಾಗುದಿಲ್ಲ, ಇನ್ನೊಂದು ಹಾಕಿಸಿ" ಎನ್ನುತ್ತಾನೆ. ಲೋಕನಾಥ ಪ್ರತಿ ಸಲವೂ, "ನೋಡುವ" ಎನ್ನುತ್ತಾನೆ. ಎರಡು ವರ್ಷದಿಂದ ನೋಡುತ್ತಲೇ ಇದ್ದಾನೆ.

"ಇವನ್ನೆಲ್ಲ ಮುಚ್ಚಿ ಬಿಡ್ಲಾ?" ಎಂದು ಕಾಂತಿ ಕೇಳಿದರೆ ಅದಕ್ಕೂ ಅವನಲ್ಲಿ ಉತ್ತರ ತಯಾರು.

"ಇರ್ಲಿ ಮಾರಾಯ್ತಿ. ಪಾಪ, ನಂಬಿಕೆಯಲ್ಲಿ ಇಟ್ಟು ಹೋದದ್ದು."

ಲೋಕನಾಥನ ಲೋಕದಲ್ಲಿ ಎಲ್ಲರೂ ಪಾಪದವರೇ. ಕಾಂತಿಯೊಬ್ಬಳನ್ನು ಬಿಟ್ಟು.

ಎರಡು ಸಾವಿರದ ಒಂಬತ್ತರ ಡಿಸೆಂಬರಿನಲ್ಲಿ ಬೆಳ್ತಂಗಡಿ ಕಡೆಯ ಒಂದು ಶಾಲೆಗೆ ಲೈಬ್ರೇರಿಯನ್ ಬೇಕೆಂದು ಪೇಪರಿನಲ್ಲಿ ಬಂತು. ಕಾಂತಿ ಮದುವೆಗೆ ಮೊದಲು ಲೈಬ್ರರಿ ಸೈನ್ಸ್ ಓದಿದವಳು. ಆ ಸರ್ಟಿಫಿಕೇಟು ಅಂದಿನಿಂದ ಕಪಾಟಿನಲ್ಲಿ ಸೀರೆಗಳ ಅಡಿಯಲ್ಲಿತ್ತು. ವಯಸ್ಸು ನಲವತ್ತರೊಳಗೆ ಇರಬೇಕೆಂದು ಪೇಪರಿನಲ್ಲಿತ್ತು, ಅವಳಿಗೆ ಫೆಬ್ರವರಿಗೆ ನಲವತ್ತು ತುಂಬುತ್ತದೆ. ಎಂದರೆ ಇದೇ ಕೊನೆಯ ಸಲ, ಇನ್ನೊಂದು ಇಲ್ಲ. ಅರ್ಜಿಯನ್ನು ಇಂಟರ್ನೆಟ್ಟಿನಲ್ಲೇ ತುಂಬಬೇಕು. ಒಂಬತ್ತು ಪುಟದ ಅರ್ಜಿ, ಅರ್ಧ ತುಂಬಿಸಿ ಉಳಿಸಿಡುವ ಸೌಕರ್ಯವಿಲ್ಲ. ಒಂದೇ ಕೂತಲ್ಲಿ ಮುಗಿಸಬೇಕು.

ಈ ಒಂದೇ ಕೂತಲ್ಲಿ ಎಂಬುದೇ ಕಾಂತಿಗೆ ಸಿಗದ ವಸ್ತು. ಸೋಮವಾರ ಶುರುಮಾಡಿದಳು, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿತು. ಮಂಗಳವಾರ ಕರೆಂಟು ಹೋಯಿತು. ಬುಧವಾರ ಲೋಕನಾಥನ ದೋಸ್ತಿಗಳು ಬಂದರು, ಚಹಾ ಆಗಬೇಕಾಯಿತು. ಹೀಗೆ ಎಳೆದು ಎಳೆದು ಶುಕ್ರವಾರ ಬಂತು. ಸಂಜೆ ಐದು ಗಂಟೆಗೆ ಅರ್ಜಿಯ ಬಾಗಿಲು ಮುಚ್ಚುತ್ತದೆ.

ಶುಕ್ರವಾರ ಬೆಳಿಗ್ಗೆ ಮೂರನೆಯ ಪುಟದಲ್ಲಿ ಕಂಪ್ಯೂಟರು ಮೊಂಡು ಎತ್ತಿನ ಹಾಗೆ ನಿಂತುಬಿಟ್ಟಿತು. ಮೌಸನ್ನು ಎತ್ತಿ ಕುಕ್ಕಿದರೂ ಇಲ್ಲ, ಬೈದರೂ ಇಲ್ಲ. ಕೊನೆಗೆ ಬಂದ್ ಮಾಡಿ ಪುನಃ ಶುರುಮಾಡಿದರೆ, ಅವಳ ಮೂರು ಪುಟ ಹೋಗಿತ್ತು, ಬಾವಾಕನ ಫೋಟೋಗಳು ಮಾತ್ರ ಮೊದಲಿನ ಹಾಗೇ ಎದ್ದು ಬಂದವು. ಶಶಿಪ್ರಭಾ ಟೀಚರ್ ಇಟ್ಟ ಶ್ರವಣಬೆಳಗೊಳವೂ ಬಂತು. ಕಾಂತಿಗೆ ಮೈಯೆಲ್ಲ ಉರಿದುಹೋಯಿತು.

ಇದಕ್ಕೊಂದು ಮದ್ದು ಉಂಟೆಂದು ಅವಳು ಹಿಂದೊಮ್ಮೆ ಎಲ್ಲೋ ಓದಿದ್ದಳು. ಬ್ರೌಸರಿಗೆ ಒಂದು ಚಿಕ್ಕ ಪ್ರೋಗ್ರಾಮು ಸೇರಿಸಿದರೆ, ಹತ್ತು ನಿಮಿಷ ಯಾರೂ ಮುಟ್ಟದ ಟ್ಯಾಬನ್ನು ಅದು ತಾನೇ ಮಲಗಿಸುತ್ತದೆ. ಹೆಸರು ಮೇಲೆಯೇ ಇರುತ್ತದೆ, ಪುಟ ಮಾತ್ರ ಮೆಮೊರಿಯಿಂದ ಇಳಿದು ಹೋಗುತ್ತದೆ. ಬೇಕಾದಾಗ ಹೆಸರನ್ನು ಒತ್ತಿದರೆ ಪುಟ ಹೊಸದಾಗಿ ಬಂದು ತೆರೆಯುತ್ತದೆ. ಕಾಂತಿ ಅದನ್ನು ಹುಡುಕಿ ಹಾಕಿದಳು. ಹತ್ತು ನಿಮಿಷ ಕಳೆಯಿತು, ಟ್ಯಾಬುಗಳು ಒಂದರ ಹಿಂದೊಂದು ಬೂದುಬಣ್ಣಕ್ಕೆ ತಿರುಗಿದವು. ಮೌಸ್ ಆಡಿಸಿದರೆ ಬಾಣ ಸರ್ರನೆ ಓಡಿತು. ಎಷ್ಟೋ ತಿಂಗಳ ನಂತರ ಕಾಂತಿ ಆ ಪರದೆಯ ಮುಂದೆ ಕೂತು ನಕ್ಕಳು.

ಲೋಕನಾಥ ಎದ್ದು ಬಂದು ಅವಳ ಬೆನ್ನ ಹಿಂದೆ ನಿಂತ. "ಇದೆಂತ, ಎಲ್ಲ ಬಣ್ಣ ಹೋಗಿದೆ?"

"ಮಲಗಿಸಿದ್ದು. ಒತ್ತಿದ್ರೆ ಏಳ್ತದೆ."

"ಬಾವಾಕನದ್ದನ್ನೂ ಮಲಗಿಸಿದ್ಯಾ? ಅವ್ರು ಬಂದು ಒತ್ತಿ, ಇದು ಪುನಃ ಲೋಡ್ ಆಗುವಾಗ ಅರ್ಧ ಗಂಟೆ. ಪಾಪ, ಮಗನ ಫೋಟೋ. ಅದೊಂದನ್ನು ಬಿಡು ಮಾರಾಯ್ತಿ."

ಮಲಗಬಾರದ ಟ್ಯಾಬಿಗೆ ಒಂದು ಗುರುತು ಹಾಕುವ ಸೌಕರ್ಯವೂ ಅದರಲ್ಲಿತ್ತು. ಕಾಂತಿ ಹಲ್ಲು ಕಚ್ಚಿಕೊಂಡು ಬಾವಾಕನ ಟ್ಯಾಬಿಗೆ ಗುರುತು ಹಾಕಿದಳು.

"ಟೀಚರದ್ದು? ಅವ್ರು ಬೇಜಾರು ಮಾಡ್ಕೊಳ್ತಾರೆ."

ಟೀಚರದ್ದಕ್ಕೂ ಹಾಕಿದಳು.

"ಆ ಮಕ್ಕಳ ರಿಸಲ್ಟು..."

"ಎಲ್ಲದಕ್ಕೂ ಹಾಕ್ತೇನೆ," ಎಂದಳು ಕಾಂತಿ. "ಎಲ್ಲದಕ್ಕೂ. ನೀವು ಹೋಗಿ ಅಲ್ಲಿ ಕೂತ್ಕೊಳ್ಳಿ. ನನ್ನ ಮಂಡೆಬಿಸಿ ಮಾಡ್ಬೇಡಿ."

ಸಿಟ್ಟಿನಲ್ಲಿ ಸಾಲಾಗಿ ಟಕಟಕ ಎಂದು ಒತ್ತಿಕೊಂಡು ಹೋದಳು. ಯಾರದ್ದು, ಏನು ಎಂದೂ ನೋಡಲಿಲ್ಲ. ಹಾಗೆ ಮಾಡಿದರೆ ಮದ್ದು ಹಾಕಿದ್ದರ ಪ್ರಯೋಜನವೇನು ಎಂದು ಅವಳಿಗೆ ಗೊತ್ತಿತ್ತು. ಆದರೆ ಒಮ್ಮೆ ಮಲಗಿ ಎದ್ದದ್ದರಿಂದಲೋ ಏನೋ, ಕಂಪ್ಯೂಟರು ಆಗಿನ ಮಟ್ಟಿಗೆ ಹಗುರವಾಗಿತ್ತು. ಅಷ್ಟು ಸಾಕು, ಇವತ್ತು ಐದು ಗಂಟೆಯ ತನಕ ಓಡಿದರೆ ಸಾಕು ಎಂದುಕೊಂಡು ಅವಳು ಅರ್ಜಿಯನ್ನು ಹೊಸದಾಗಿ ತೆರೆದಳು.

ಊಟಕ್ಕೂ ಏಳಲಿಲ್ಲ. ನಡುನಡುವೆ ಹುಡುಗರು ಪ್ರಿಂಟಿಗೆ ಬಂದರೆ ಕೂತಲ್ಲಿಂದಲೇ ಒತ್ತಿ ಕಳಿಸಿದಳು. ಓದಿದ ಶಾಲೆ, ಕಾಲೇಜು, ಅಂಕಗಳು, ಪಾಸಾದ ವರ್ಷ, ಊರು, ತಾಲೂಕು, ತಂದೆಯ ಹೆಸರು, ಗಂಡನ ಹೆಸರು. ಮೂರೂವರೆಗೆ ಒಂಬತ್ತನೆಯ ಪುಟಕ್ಕೆ ಬಂದಳು. ಇನ್ನು ಫೋಟೋ ಸೇರಿಸಿ ಕೊನೆಯ ಗುಂಡಿ ಒತ್ತಿದರೆ ಆಯಿತು.

"ಕಾಂತಿ, ಒಂದ್ನಿಮಿಷ," ಎಂದ ಲೋಕನಾಥ.

ಬಾವಾಕ ಬಂದಿದ್ದರು. ಮಗ ಕ್ಯಾಮೆರಾದಲ್ಲಿ ಕಾಣಲಿಕ್ಕೆ ಕಾದಿದ್ದಾನಂತೆ, ಆಮೇಲೆ ಅವನಿಗೆ ಡ್ಯೂಟಿಯಂತೆ. ಕ್ಯಾಮೆರಾ ಇದ್ದದ್ದು ಎರಡನೆಯ ಕಂಪ್ಯೂಟರಿಗೆ. ಕಾಂತಿ ಹೋಗಿ ತಂತಿ ಸಿಕ್ಕಿಸಿದಳು, ಬಾವಾಕನ ಕಿವಿಗೆ ಹೆಡ್‌ಫೋನು ಹಾಕಿಸಿದಳು, ಮಗನ ಮುಖ ಬರುವ ತನಕ ನಿಂತಳು. ತಿರುಗುವಷ್ಟರಲ್ಲಿ ಶಶಿಪ್ರಭಾ ಟೀಚರ್ ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಿದ್ದರು.

"ಕಾಂತಿ, ಟೀಚರಿಗೆ ಒಂದು ಪ್ರಿಂಟು ಬೇಕಂತೆ. ಒಂದ್ನಿಮಿಷ."

ನಾಲ್ಕನೆಯ ಕಂಪ್ಯೂಟರಿನಿಂದ ಪ್ರಿಂಟು ತೆಗೆದಳು. ಟೀಚರಿಗೆ ಅಕ್ಷರ ಚಿಕ್ಕದಾಯಿತು. ದೊಡ್ಡದು ಮಾಡಿ ಇನ್ನೊಂದು ತೆಗೆದಳು. "ನಿನ್ನ ಅರ್ಜಿ ಆಯ್ತಾ ಕಾಂತಿ?" ಎಂದು ಟೀಚರ್ ಪ್ರೀತಿಯಿಂದಲೇ ಕೇಳಿದರು. "ಆಯ್ತು ಟೀಚರ್, ಇನ್ನು ಫೋಟೋ ಮಾತ್ರ" ಎಂದಳು.

ವಾಪಸು ಬಂದು ನೋಡಿದರೆ ಅವಳ ಕುರ್ಚಿಯಲ್ಲಿ ಲೋಕನಾಥ ಕೂತು ಕಂಬಳದ ಫೋಟೋ ನೋಡುತ್ತಿದ್ದ. ಕಳೆದ ವಾರದ ಕಂಬಳದ್ದು. ಕೆಸರು ನೀರು ಹಾರಿಸಿಕೊಂಡು ಬರುವ ಕೋಣಗಳು ಪರದೆ ತುಂಬ ಇದ್ದವು.

"ಏಳಿ," ಎಂದಳು.

ಅವನು ಎದ್ದ. ಅವಳು ಕೂತಳು. ಹತ್ತು ನಿಮಿಷ ಯಾರೂ ಮುಟ್ಟದ ಅರ್ಜಿಯ ಟ್ಯಾಬು ಬೂದುಬಣ್ಣಕ್ಕೆ ತಿರುಗಿತ್ತು. ಒತ್ತಿದಳು. ಪುಟ ಎದ್ದಿತು. ಹೊಸದಾಗಿ, ಮೊದಲಿನಿಂದ, 'ಅರ್ಜಿದಾರರ ಹೆಸರು' ಎಂಬಲ್ಲಿಂದ. ಎದುರಿನ ಚೌಕ ಖಾಲಿ.

ಅವಳು ಮೇಲಿನ ಸಾಲನ್ನು ನೋಡಿದಳು. ಬಾವಾಕನ ಫೋಟೋ ಎಚ್ಚರವಾಗಿಯೇ ಇತ್ತು. ರೈಲು ಎಚ್ಚರವಾಗಿತ್ತು, ಹವಾಮಾನ ಎಚ್ಚರವಾಗಿತ್ತು, ಬಾರದ ಫಲಿತಾಂಶ ಎಚ್ಚರವಾಗಿತ್ತು. ಊರಿನವರ ಎಲ್ಲ ಪುಟಕ್ಕೂ ತನ್ನ ಕೈಯಾರೆ ಗುರುತು ಹಾಕಿದವಳು ತನ್ನದೊಂದಕ್ಕೆ ಹಾಕಿರಲಿಲ್ಲ. ಹಾಕಬೇಕೆಂದು ಹೊಳೆದೂ ಇರಲಿಲ್ಲ. ಲೋಕನಾಥನೂ ನೆನಪಿಸಿರಲಿಲ್ಲ. ಬೈಯಲಿಕ್ಕೆ ಬಾಯಿ ತೆರೆದರೆ ಯಾರಿಗೆ ಬೈಯುವುದೆಂದೇ ತಿಳಿಯಲಿಲ್ಲ, ಕಣ್ಣಲ್ಲಿ ನೀರು ಬಂತು.

"ಎಂತ ಆಯ್ತು?" ಎಂದ ಲೋಕನಾಥ.

"ಹೋಯ್ತು. ಒಂಬತ್ತು ಪುಟವೂ."

"ಛೆ. ಮೊದಲೇ ಹೇಳ್ಬಾರ್ದಿತ್ತಾ, ನಾನು ಕಂಬಳ ನೋಡ್ತಿರ್ಲಿಲ್ಲ."

ಕಾಂತಿ ಕಣ್ಣೊರೆಸಿಕೊಂಡು ಅವನ ಕಡೆ ತಿರುಗಿದಳು. "ಒಂದು ಕೇಳ್ತೇನೆ. ಪ್ರಿಂಟ್ ತೆಗೆಯುದು ನಿಮಗೆ ಗೊತ್ತಿಲ್ವಾ?"

"ಗೊತ್ತುಂಟು."

"ಕ್ಯಾಮೆರಾ ಸಿಕ್ಕಿಸುದು?"

"ಅದೂ ಗೊತ್ತುಂಟು. ನಾನೇ ಅಲ್ವಾ ನಿನಗೆ ಹೇಳಿ ಕೊಟ್ಟದ್ದು."

"ಮತ್ತೆ ನನ್ನನ್ನು ಯಾಕೆ ಕರೆದದ್ದು?"

ಲೋಕನಾಥ ಸುಳ್ಳು ಹೇಳುವವನಲ್ಲ. ಅಡ್ಡ ಬುದ್ಧಿಯವನೂ ಅಲ್ಲ. ಅವನು ನಿಜವಾಗಿ ಯೋಚಿಸಿ ನೋಡಿದ, ಬೇರೆ ಕಾರಣ ಸಿಗಲಿಲ್ಲ.

"ನೀನು ಇದ್ದೀಯಲ್ಲ," ಎಂದ.

ಎರಡನೆಯ ಕಂಪ್ಯೂಟರಿನಲ್ಲಿ ಬಾವಾಕ ಮಗನೊಂದಿಗೆ ದೊಡ್ಡ ಸ್ವರದಲ್ಲಿ ಮೀನಿನ ವಿಷಯ ಮಾತಾಡುತ್ತಿದ್ದರು. ಕಾಂತಿ ಪರದೆಗೆ ತಿರುಗಿ ಟ್ಯಾಬುಗಳನ್ನು ಮುಚ್ಚತೊಡಗಿದಳು. ಮಲಗಿಸಲಿಲ್ಲ, ಮುಚ್ಚಿದಳು. ಕಂಬಳ ಹೋಯಿತು. ರೈಲು ಹೋಯಿತು. ಫಲಿತಾಂಶ ಹೋಯಿತು. ಬಾವಾಕನ ಫೋಟೋಗಳ ಮೇಲೆ ಬಾಣ ಬಂದಾಗ ಲೋಕನಾಥ, "ಅದು..." ಎಂದ. ಅವಳು ಅವನ ಮುಖ ನೋಡಿಕೊಂಡೇ ಒತ್ತಿದಳು. ಕೊನೆಗೆ ಅರ್ಜಿಯೊಂದೇ ಉಳಿಯಿತು. ನಾಲ್ಕು ಗಂಟೆಯಾಗುತ್ತ ಬಂದಿತ್ತು.

ಹೆಸರು ಬರೆದಳು. ಈ ಸಲ ಎಲ್ಲವೂ ಬಾಯಿಪಾಠವಾಗಿತ್ತು. ಆರನೆಯ ಪುಟದಲ್ಲಿ 'ಈಗಿನ ಉದ್ಯೋಗ' ಎಂಬ ಚೌಕ. ಮೊದಲ ಸಲ ಅದಕ್ಕೆ 'ಇಲ್ಲ' ಎಂದು ಬರೆದು ಮುಂದೆ ಹೋಗಿದ್ದಳು. ಈಗ, 'ಸೈಬರ್ ಕೆಫೆ ನಡೆಸುತ್ತೇನೆ' ಎಂದು ಬರೆದಳು. ಹಿಂದೆ ನಿಂತಿದ್ದ ಲೋಕನಾಥ ಅದನ್ನು ಓದಿದ್ದು ಅವಳಿಗೆ ಗೊತ್ತಾಯಿತು.

ಹೊತ್ತು ಕಳೆದು ಬಾವಾಕ ಹೆಡ್‌ಫೋನು ತೆಗೆದು, "ಅಕ್ಕ, ಮಗ ಕಾಣುದಿಲ್ಲ, ಒಮ್ಮೆ ನೋಡಿ ಕೊಡಿ," ಎಂದರು.

ಕಾಂತಿ ಏಳಲಿಲ್ಲ. ಕತ್ತೂ ತಿರುಗಿಸಲಿಲ್ಲ. ಎಂಟನೆಯ ಪುಟ ತುಂಬುತ್ತಿದ್ದಳು.

ಲೋಕನಾಥ ಬಾವಾಕನ ಕಡೆ ನೋಡಿದ, ಕಾಂತಿಯ ಬೆನ್ನ ಕಡೆ ನೋಡಿದ, ಆಮೇಲೆ ತಾನೇ ಹೋಗಿ ಮಂಡಿಯೂರಿ ಮೇಜಿನಡಿಗೆ ತಲೆ ಹಾಕಿ ತಂತಿ ಹುಡುಕತೊಡಗಿದ. ಅವಳು ಫೋಟೋ ಸೇರಿಸಿದಳು, ಕೊನೆಯ ಗುಂಡಿ ಒತ್ತಿದಳು. ಪರದೆಯ ಮೇಲೆ ಅರ್ಜಿಯ ಸಂಖ್ಯೆ ಬಂತು.

"ಕಾಂತಿ," ಎಂದ ಲೋಕನಾಥ ಮೇಜಿನಡಿಯಿಂದಲೇ. ಸ್ವರ ಬೇರೆಯಾಗಿತ್ತು. "ನಿಜವಾಗ್ಲೂ ಆ ಕೆಲಸ ಸಿಕ್ಕಿದ್ರೆ ಇಲ್ಲಿ ಯಾರು ಇರುದು?"

"ನೀವು ಇದ್ದೀರಲ್ಲ," ಎಂದಳು ಕಾಂತಿ.